ಒದೆಯದ ಸಾವ್ಕಾರ್ರು

ಹುಣಸೂರಿನ ಹಳೇ ಬಜಾರಿನಲ್ಲಿ ನನ್ನ ಫೋಟೋ ಸ್ಟುಡಿಯೋಗೆ ಆತುಕೊಂಡಂತಿದ್ದ ಹಗ್ಗದ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಬೆಳಗಾದರೆ ಅದೇನೋ ಹಾಡು ಹಾಕಿ ಗೋಡೆ ನಡುಗಿಸುತ್ತಾರೆ. ಮೊದಲು ಆ ಗೋಡೆಯಾಚೆಯಿಂದ ಬರುತ್ತಿದ್ದ ಸದ್ದೇ ಬೇರೆ. ಮಧ್ಯಾಹ್ನ ಮೂರರ ಸುಮಾರಿಗೆ, ಬಜಾರಿಗೆ ಬಜಾರೇ ತೂಕಡಿಸುವ ಹೊತ್ತಿನಲ್ಲಿ, ಕತ್ತಿ ಗುರಾಣಿಗೆ ಬಡಿಯುವ ಠಣ್ ಠಣ್ ಸದ್ದು. ಅದರ ನಡುವೆ ಅರವತ್ತು ದಾಟಿದ ಒಬ್ಬ ಮನುಷ್ಯ ಕಂಪ್ಯೂಟರಿನ ಪರದೆಗೆ, "ಮೊರ ಇಳಿಸ್ಲಾ, ಒಂದ್ಗಳಿಗೆ ಇಳಿಸ್ಲಾ" ಎಂದು ಗೋಗರೆಯುವ ದನಿ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಅಚ್ಚಾದರೆ ದೃಷ್ಟಿ ತಗಲುತ್ತದೆ ಎಂದು ನಂಬಿದ್ದವರು. ಈಗ ತಗಲಲು ಏನೂ ಉಳಿದಿಲ್ಲ, ಆದರೂ ಅವರ ನಂಬಿಕೆ ಅವರಿಗೆ. ಬಜಾರಿಗೆಲ್ಲ ಅವರು ಸಾವ್ಕಾರ್ರು. ನಾನು ಅವರ ಬಾಯಲ್ಲಿ 'ಸ್ಟುಡಿಯೋ'. ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಅವರು ನನ್ನನ್ನು ಒಂದು ದಿನವೂ ಕರೆಯಲಿಲ್ಲ.

ಊರು ಬೆಟ್ಟದಪುರದ ಕಡೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಹೆಗಲ ಮೇಲೆ ಟವೆಲ್, ಸುತ್ಲಿ ದಾರಕ್ಕೆ ಕಟ್ಟಿ ಎದೆಗೆ ಇಳಿಬಿಟ್ಟ ಕನ್ನಡಕ. ಗೋಣಿಚೀಲದ ಅಟ್ಟಿಯ ಮೇಲೆ ಕುಳಿತು ಹಗ್ಗ ಅಳೆಯುತ್ತಿದ್ದರು. ಮೊಳಕ್ಕೆ ನಾಲ್ಕು ಬೆರಳು ಜಾಸ್ತಿಯೇ ಕೊಡುವರು. "ದನದ್ ಕೊರಳ್ಗೆ ಕಟ್ಟೋದು ಗಿಡ್ಡ ಆಗಬಾರ್ದು ಕಣಪ್ಪ, ಬಸವಣ್ಣ ಮೆಚ್ಚಾಕಿಲ್ಲ." ಹೊಗೆಸೊಪ್ಪಿನ ಕಾಲದಲ್ಲಿ ಸುತ್ಲಿ, ಟಾರ್ಪಾಲು ಎಂದು ಜನ ಮುಗಿಬೀಳುತ್ತಿದ್ದರು. ಆಗ ನಾನೂ ಹೋಗಿ ಕೈ ಹಾಕುತ್ತಿದ್ದೆ, ಏಕೆಂದರೆ ನನ್ನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ಬಿಟ್ಟರೆ ಬರುವುದು ನೊಣಗಳು ಮಾತ್ರ. ಎಲ್ಲರ ಜೇಬಿಗೂ ಕ್ಯಾಮೆರಾ ಬಂದ ಮೇಲೆ ನನ್ನ ಕಸುಬಿಗೆ ಯಾರೂ ತಿಥಿ ಮಾಡಲಿಲ್ಲ, ಅಷ್ಟೇ.

ಅವರ ಅಂಗಡಿಯಲ್ಲಿ ಕಾಲಿಗೆ ಸಂಬಂಧಪಟ್ಟ ಕಾನೂನುಗಳಿದ್ದವು. ಹಗ್ಗದ ಸುರುಳಿಯನ್ನು ಗಿರಾಕಿ ಕಾಲಲ್ಲಿ ಪಕ್ಕಕ್ಕೆ ಸರಿಸಿದನೋ, ಅವನು ಎಷ್ಟೇ ದೊಡ್ಡ ಕುಳವಾಗಿರಲಿ, ಸಾಮಾನು ಸಿಗುತ್ತಿರಲಿಲ್ಲ. "ಮುಟ್ಟಿ ಕಣ್ಣಿಗೊತ್ಕಳಿ. ಆಮೇಲೆ ರೇಟ್ ಕೇಳಿ." ಇದು ಆಚಾರವಂತರ ಮನೆಯ ರೂಢಿ ಎಂದು ನಾನು ಸುಮ್ಮನಿದ್ದೆ. ನಮ್ಮಲ್ಲೂ ಕಾಲು ತಗುಲಿದರೆ ಮುಟ್ಟಿ ನಮಸ್ಕಾರ ಮಾಡುತ್ತೇವಲ್ಲ. ಆದರೆ ಅವರು ತಮ್ಮ ಬಲಗಾಲನ್ನು ಯಾವಾಗಲೂ ತೊಡೆಯ ಕೆಳಗೆ ಮಡಿಸಿ, ಬಚ್ಚಿಟ್ಟವರ ಹಾಗೆ ಕೂರುತ್ತಿದ್ದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಫೋಟೋ ತೆಗೆಯುವವನಿಗೆ ಕೂತ ಭಂಗಿ ನೋಡುವ ಚಟ ಇರುತ್ತದೆ.

ಆಟದ ಕತೆ ಹೇಳಬೇಕು. ಜಿಎಸ್‌ಟಿ ಬಿಲ್ಲು ಹಾಕಲು ತಂದ ಕಂಪ್ಯೂಟರಿಗೆ ಆ ಕತ್ತಿಕಾಳಗದ ಆಟ ಹಾಕಿದ್ದು ಅವರ ತಮ್ಮ. ಆಗ ಅಣ್ಣ ತಮ್ಮ ಒಟ್ಟಿಗೆ ಅಂಗಡಿ ನಡೆಸುತ್ತಿದ್ದರು. ಇಂಟರ್ನೆಟ್ಟಿನಲ್ಲಿ ಎಲ್ಲೆಲ್ಲಿಯವರೋ ಬಂದು ಎದುರಿಗೆ ನಿಲ್ಲುತ್ತಾರೆ. ಒಬ್ಬರಿಗೆ ಒಬ್ಬರು. ಕೈಯಲ್ಲಿ ಕತ್ತಿಯೋ ಕೊಡಲಿಯೋ, ಬೇಕಾದರೆ ಎಡಗೈಗೆ ಗುರಾಣಿ. ಪರದೆಯ ಕೆಳಗೆ ಕೆಂಪು ಗೆರೆ, ಅದು ಪ್ರಾಣ. ಹಸಿರು ಗೆರೆ, ಅದು ದಮ್ಮು. ಕೆಂಪು ಮುಗಿದವನು ಬಿದ್ದ. ಗೋಡೆಯಾಚೆಯ ಸದ್ದು ಕೇಳಿ ಕೇಳಿ ನಾನೂ ನನ್ನ ಫೋಟೋ ತಿದ್ದುವ ಕಂಪ್ಯೂಟರಿಗೆ ಅದನ್ನು ಹಾಕಿಕೊಂಡೆ. ಹೆಂಡತಿ ಕೈಲಿ ಬೈಸಿಕೊಂಡದ್ದು ಬೇರೆ ವಿಷಯ.

ಅಣ್ಣ ತಮ್ಮ ಬೇರೆಯಾದ ಮೇಲೆ ಅಂಗಡಿ ಅಣ್ಣನ ಪಾಲಿಗೆ ಬಂತು. ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರದ ಹತ್ತಿರದ ಜಮೀನು ತಮ್ಮನದಾಯಿತು. ತಮ್ಮ ಅಲ್ಲಿಗೇ ಹೋಗಿ ಮನೆ ಮಾಡಿದರು. ಇಷ್ಟು ಬಜಾರಿಗೆಲ್ಲ ಗೊತ್ತಿತ್ತು. ಇನ್ನುಳಿದದ್ದನ್ನು ಸಾವ್ಕಾರ್ರೇ ನನಗೆ ಹೇಳಿದ್ದು, ನಾನು ಅವರಿಗೆ ಒದೆಯಲು ಹೇಳಿಕೊಟ್ಟ ದಿನ.

ಗುರಾಣಿಯವನನ್ನು ಸೋಲಿಸುವ ವಿದ್ಯೆಯಲ್ಲಿ ಸಾವ್ಕಾರ್ರು ಪಂಡಿತರೇ. ಗುರಾಣಿಗೆ ಅವರು ಮೊರ ಎನ್ನುತ್ತಿದ್ದರು. ಆಟ ಶುರುವಾಗುವ ಮೊದಲು, ಊಟಕ್ಕೆ ಕೂತವರ ಹಾಗೆ ಮಂಡಿಯ ಮೇಲೆ ಟವೆಲ್ ಹಾಸಿಕೊಳ್ಳುವರು. ಹೊಸದಾಗಿ ಕಲಿತ ನಾನು ಎದುರಿನವನ ಗುರಾಣಿಗೆ ದಬದಬ ಬಡಿಯುತ್ತಿದ್ದರೆ ಹಿಂದೆ ನಿಂತು ನಗುತ್ತಿದ್ದರು.

"ಮೊರಕ್ಕೆ ಯಾಕ್ಲಾ ಬಡೀತೀಯೆ? ಅದಕ್ಕೇನು ನೋವಾದದಾ? ನಿನ್ ದಮ್ಮು ಖರ್ಚು, ಅವ್ನಿಗೆ ಗಾಳಿ ಬೀಸ್ದಂಗೆ."

"ಮತ್ತೆ ಏನ್ ಮಾಡ್ಲಿ ಸಾವ್ಕಾರ್ರೇ? ಇಳಿಸೋದೇ ಇಲ್ವಲ್ಲ ಅವ್ನು."

"ಸುಳ್ಳೇಟು ಹಾಕು. ಬಲಗಡೆಯಿಂದ ಬೀಸ್ದಂಗೆ ಮಾಡಿ ಅರ್ಧಕ್ಕೇ ನಿಲ್ಸು. ಅವ್ನು ಮೊರ ಆ ಕಡೀಕ್ ತಿರುಗಿಸ್ತಾನೆ. ಎಡಗಡೆ ಬರಿದಾಯ್ತದೆ."

ಇನ್ನೊಂದು ಪಾಠವಿತ್ತು. ಗುರಾಣಿಯನ್ನು ಮುಖದವರೆಗೆ ಎತ್ತಿದವನಿಗೆ ಎದುರಿನದು ಕಾಣುವುದಿಲ್ಲ. ಆಗ ಅವನ ಕತ್ತಿಯ ಕೈ ಇರುವ ಕಡೆಗೆ ಸುತ್ತಿ ಹೋಗಬೇಕು. ಅಲ್ಲಿಗೆ ಗುರಾಣಿ ಬರುವುದು ಒಂದು ಕ್ಷಣ ತಡ. ತಲೆಗೆ ಎಂದು ತೋರಿಸಿ ಮೊಣಕಾಲಿಗೆ ಹೊಡೆಯಬೇಕು. ಮರದ ಗುರಾಣಿಯಾದರೆ ಕೊಡಲಿ ಹಿಡಿದು ಸೀಳಿಬಿಡಬಹುದು. ಯಾವುದೂ ಆಗದಿದ್ದರೆ ಕಾಯಬೇಕು, ಎತ್ತಿ ಹಿಡಿದಷ್ಟು ಹೊತ್ತೂ ಅವನ ಹಸಿರು ಗೆರೆ ಸವೆಯುತ್ತಿರುತ್ತದೆ. "ಯಾವನೂ ಸಾಯೋಗಂಟ ಮೊರ ಎತ್ಕೊಂಡಿರಕ್ಕಾಗಲ್ಲ ಕಣೋ ಸ್ಟುಡಿಯೋ, ಕೈ ನೋಯ್ತದೆ" ಎನ್ನುತ್ತಿದ್ದರು. ಈ ಮಾತನ್ನು ಅವರು ಆಡಿದ ರೀತಿ ನೋಡಿದರೆ, ಕಾಯುವುದೇ ಅವರಿಗೆ ಎಲ್ಲಕ್ಕಿಂತ ಇಷ್ಟದ ಪಟ್ಟು ಎನಿಸುತ್ತಿತ್ತು.

ಇಷ್ಟೆಲ್ಲ ತಿಳಿದವರು ಎಲ್ಲರೂ ಬಳಸುವ ಒಂದು ಪಟ್ಟನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ಒದೆ. ಹತ್ತಿರ ನುಗ್ಗಿ ಒಂದು ಗುಂಡಿ ಒತ್ತಿದರೆ ನಮ್ಮವನು ಕಾಲೆತ್ತಿ ಗುರಾಣಿಗೆ ಒದೆಯುತ್ತಾನೆ. ಗುರಾಣಿ ಪಕ್ಕಕ್ಕೆ ಹಾರುತ್ತದೆ, ಎದುರಾಳಿ ತತ್ತರಿಸುತ್ತಾನೆ, ಎದೆ ಬಟಾಬಯಲು. ಚಿಳ್ಳೆಪಿಳ್ಳೆಗಳೂ ಮೊದಲ ದಿನ ಕಲಿಯುವ ವಿದ್ಯೆ. ಇವರಿಗೆ ಯಾರೂ ಹೇಳಿಕೊಟ್ಟಿಲ್ಲವೇನೋ ಎಂದುಕೊಂಡು ನಾನು ದೊಡ್ಡ ಮೇಷ್ಟ್ರ ಹಾಗೆ ಅವರ ಕೈ ಹಿಡಿದು ಆ ಗುಂಡಿಯ ಮೇಲೆ ಇಟ್ಟೆ. ಬೆಂಕಿ ಮುಟ್ಟಿದವರಂತೆ ಕೈ ಕಿತ್ತುಕೊಂಡರು.

ಆಮೇಲೆ ಮಡಿಸಿಕೊಂಡಿದ್ದ ಬಲಗಾಲನ್ನು ಹೊರಗೆ ಚಾಚಿ, ಅದು ಯಾರದೋ ಎಂಬಂತೆ ನೋಡುತ್ತಾ ಹೇಳಿದರು.

"ಇದೇ ಕಾಲು ಕಣೋ. ಪಾಲಾದ ದಿನ. ಊರಲ್ಲಿ, ನಮ್ಮನೆ ಜಗಲೀಲಿ, ಪಂಚಾಯ್ತಿಯೋರೆಲ್ಲ ಕೂತವ್ರೆ. ನಡೂಮಧ್ಯ ಪಾತ್ರೆ ರಾಶಿ. ಅದು ನಿಂಗೆ, ಇದು ನಂಗೆ ಅಂತ ಎತ್ತಿಡ್ತಾ ಅವ್ನೆ ನನ್ ತಮ್ಮ. ಅವ್ವನ ಚೊಂಬು ಕೈಗೆ ಬಂತು. 'ಅವ್ವನ್ನ ಮೈಸೂರ್ ಆಸ್ಪತ್ರೆಗೆ ಬೇಗ ಕರ್ಕೊಂಡೋಗಿದ್ರೆ ಇದನ್ನ ಪಾಲು ಹಾಕೋ ಗತಿ ಬತ್ತಿರ್ಲಿಲ್ಲ' ಅಂದ. ನಂಗಂದಿದ್ದು. ಅಷ್ಟೇಯ. ಎದ್ದೋನೇ ಎದೆಗೆ ಒದ್ಬುಟ್ಟೆ."

ತಮ್ಮ ಪಾತ್ರೆಗಳ ಮೇಲೆ ಬಿದ್ದರಂತೆ. ಎದ್ದು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಇನ್ನು ನಿನ್ ಮಣ್ಣಿಗೂ ಬರಾಕಿಲ್ಲ" ಎಂದು ಹೇಳಿ ಹೊರಟುಹೋದರಂತೆ. ನಮ್ಮ ಕಡೆ ಸಿಟ್ಟಿನಲ್ಲಿ ಹತ್ತು ಮಾತು ಬರುತ್ತವೆ, ಸಾರಿಗೆ ಉಪ್ಪು ಕಮ್ಮಿಯಾದರೂ ನಿನ್ನ ಮನೆ ಹಾಳಾಗ ಎನ್ನುತ್ತೇವೆ. ಆದರೆ ಮಣ್ಣಿಗೆ ಬರುವುದಿಲ್ಲ ಎಂಬುದು ಸುಮ್ಮನೆ ಆಡುವ ಮಾತಲ್ಲ. ಹಗೆಯವನು ಸತ್ತರೂ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬರುವ ಜನ ನಾವು.

"ಒದ್ದಿದ್ದು ತಪ್ಪು ಅಂತ ಹೇಳ್ಬೇಕು ಅಷ್ಟೇ ಸ್ಟುಡಿಯೋ. ಹೇಳಕ್ಕೆ ಅವ್ನು ನಿಂತ್ರೆ ತಾನೆ?"

ಆ ಭಾನುವಾರವೇ ನನ್ನ ಸ್ಕೂಟರಿನಲ್ಲಿ ಇಬ್ಬರೂ ಹಂಪಾಪುರಕ್ಕೆ ಹೋದೆವು. ತಮ್ಮನಿಗೆ ಇಷ್ಟ ಎಂದು ದಾರಿಯಲ್ಲಿ ಖಾರದ ಪೊಟ್ಟಣ ಕಟ್ಟಿಸಿಕೊಂಡರು. ಮನೆಯ ಮುಂದೆ ಸ್ಕೂಟರ್ ನಿಲ್ಲಿಸುವುದಕ್ಕೂ ಹಿತ್ತಿಲ ಬಾಗಿಲು ಹಾಕಿಕೊಳ್ಳುವ ಸದ್ದು ಕೇಳುವುದಕ್ಕೂ ಸರಿಹೋಯಿತು. ತಮ್ಮನ ಹೆಂಡತಿ ನೀರು ಬೆಲ್ಲ ತಂದಿಟ್ಟು, "ಕೂತ್ಕಳಿ ಭಾವ, ಹೊಲದ್ ಕಡೀಕ್ ಹೋಗವ್ರೆ" ಎಂದರು ತಲೆ ಎತ್ತದೆ. ಒಳಗೆ ಫ್ಯಾನ್ ತಿರುಗುತ್ತಿತ್ತು, ಕಂಪ್ಯೂಟರ್ ಮುಂದಿನ ಕುರ್ಚಿಯ ಮೇಲೆ ಬಿಡಿಸಿಟ್ಟ ಟವೆಲ್. ಸಾವ್ಕಾರ್ರು ಅದನ್ನು ನೋಡಿದರು. ನೀರು ಕುಡಿದು ಎದ್ದರು.

"ಮಾತು ಬ್ಯಾಡ್ದಿದ್ರೆ ಬುಡ್ಲಿ. ಆಟಕ್ಕಾದ್ರೂ ಬರಕ್ಕೇಳಮ್ಮ. ದಿನಾ ಮೂರ್ ಗಂಟೆಗೆ ಅಂಗ್ಡೀಲಿ ಇರ್ತೀನಿ."

ಮಾರನೆಯ ಮಧ್ಯಾಹ್ನ ಪರದೆಯ ಮೇಲೆ ಹುಲಿಯ ಎಂಬ ಹೆಸರು ಬಂತು. ಹುಲಿಯ ಎಂದರೆ ಅವರ ಮನೆಯಲ್ಲಿದ್ದ ಹಳೆಯ ಎತ್ತು. ತಮ್ಮ ಮೊದಲಿನಿಂದಲೂ ಆ ಹೆಸರಿನಲ್ಲೇ ಆಡುತ್ತಿದ್ದದ್ದು. ಸಾವ್ಕಾರ್ರು ಗೋಡೆಗೆ ಬಡಿದು ನನ್ನನ್ನು ಕರೆದರು. ನಾನು ಓಡಿಹೋದಾಗ ಅವರ ಮುಖ ನೋಡಬೇಕಿತ್ತು. ಇಷ್ಟು ವರ್ಷ ಜನರನ್ನು "ಸ್ವಲ್ಪ ನಗಿ" ಎಂದು ಪೀಡಿಸಿದ್ದೇನೆ, ಅಂಥ ನಗು ನನ್ನ ಕ್ಯಾಮೆರಾಗೆ ಸಿಕ್ಕಿಲ್ಲ.

ಹುಲಿಯ ಬಂದದ್ದು ಕಬ್ಬಿಣದ ಗುರಾಣಿ ಹಿಡಿದು. ಕೊಡಲಿಗೂ ಬಗ್ಗದ್ದು.

ಏನಾದರೂ ಮಾಡಿ ಗೆಲ್ಲಲೇಬೇಕೆಂದು ಅವರು ಹಟ ಹಿಡಿದದ್ದಕ್ಕೆ ಕಾರಣವಿತ್ತು. ಚಿಕ್ಕಂದಿನಲ್ಲಿ ಅಣ್ಣ ತಮ್ಮ ಹೊಗೆಸೊಪ್ಪಿನ ಕಡ್ಡಿ ಹಿಡಿದು ಕಾಳಗ ಆಡುತ್ತಿದ್ದರಂತೆ. ಚಿಕ್ಕವನು ಅವ್ವನ ಮೊರ ಅಡ್ಡ ಹಿಡಿಯುತ್ತಿದ್ದ. ಜಗಳವಾಗಿ ಮಾತು ಬಿಟ್ಟರೆ ಆ ಕಾಳಗದಲ್ಲೇ ತೀರ್ಮಾನ, ಸೋತವನು ಮೊದಲು ಮಾತಾಡಬೇಕು. ಗೆದ್ದವನು ಉತ್ತರ ಕೊಟ್ಟರೂ ಆಯಿತು, ಬಿಟ್ಟರೂ ಆಯಿತು. ಅವ್ವ ಮಾಡಿದ ಕಟ್ಟಳೆ. ಅದನ್ನು ಇಬ್ಬರೂ ಒಂದು ಸಲವೂ ಮುರಿದಿರಲಿಲ್ಲವಂತೆ.

"ನಾನ್ ಸೋತ್ರೆ ನಾನ್ ಮಾತಾಡ್ಬೋದು, ಅವ್ನು ಸುಮ್ಕಿರ್ಬೋದು. ಅವ್ನ್ ಸೋತ್ರೆ ಬಾಯ್ ಬುಡ್ಲೇಬೇಕು" ಎಂದರು. ಅರವತ್ತು ದಾಟಿದವರು ಹೇಳುವ ಮಾತೇ ಇದು ಎಂದು ನಿಮಗೆ ಅನಿಸಬಹುದು. ನನಗೂ ಅನಿಸಿತ್ತು. ಆದರೆ ತಮ್ಮ ತಪ್ಪದೆ ದಿನಾ ಬರುತ್ತಿದ್ದದ್ದನ್ನು ನೋಡಿದ ಮೇಲೆ, ಆ ಕಟ್ಟಳೆ ಹಂಪಾಪುರದಲ್ಲೂ ಬದುಕಿದೆ ಎಂದು ನಾನೂ ನಂಬಿದೆ.

ಹೀಗೆ ಶುರುವಾಯಿತು ಅವರ ದಿನಚರಿ. ಮೂರು ಗಂಟೆಗೆ ಟವೆಲ್ ಹಾಸಿಕೊಂಡು ಕೂರುವುದು, ಹುಲಿಯನನ್ನು ಕರೆಯುವುದು. ಕರೆ ಯಾವಾಗಲೂ ಇವರದೇ. ಹುಲಿಯ ಬಂದು ಗುರಾಣಿ ಎತ್ತಿ ನಿಲ್ಲುವನು. ಸುಳ್ಳೇಟಿಗೆ ಅವನು ಮೋಸ ಹೋಗುತ್ತಿರಲಿಲ್ಲ, ಹೋಗುವುದು ಹೇಗೆ, ಅಣ್ಣನ ಕೈ ಯಾವ ಕಡೆ ಬೀಸುತ್ತದೆಂದು ಹುಟ್ಟಿದಾಗಿನಿಂದ ಗೊತ್ತು. ಸುತ್ತಿ ಹೋದರೆ ಅವನೂ ಸುತ್ತುವನು. ಕಾದರೆ ಅವನೂ ಕಾಯುವನು. ದಮ್ಮು ತೀರುವ ಹೊತ್ತಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಇಳಿಸಿ, ಉಸಿರು ತುಂಬಿಕೊಂಡು ಮತ್ತೆ ಎತ್ತುವನು. ಕೊನೆಗೆ ಇವರೇ ಸೋಲುವರು. ಸೋತವರು ಕಟ್ಟಳೆಯಂತೆ ಒಂದೊಂದೇ ಅಕ್ಷರ ಹುಡುಕಿ ಒತ್ತಿ ಬರೆಯುವರು, "ಊಟ ಆಯ್ತಾ?" ಉತ್ತರ ಬರುತ್ತಿರಲಿಲ್ಲ. "ಮಳೆ ಬಂತಾ ಆ ಕಡೆ?" ಇಲ್ಲ. "ಒದ್ದಿದ್ದು ತಪ್ಪಾಯ್ತು ಕಣಪ್ಪ" ಎಂದೂ ಒಂದು ದಿನ ಬರೆದರು. ಹುಲಿಯ ಎಂಬ ಹೆಸರು ಅಳಿಸಿಹೋಯಿತು. ಮಾರನೆಯ ದಿನ ಮತ್ತೆ ಬಂತು, ಗುರಾಣಿ ಸಮೇತ.

ನನಗೆ ರೇಗುತ್ತಿತ್ತು. "ಅವ್ರು ಬರೋದು ನಿಮ್ಮನ್ನ ಹೊಡೆಯಕ್ಕೇ ಸಾವ್ಕಾರ್ರೇ, ಬುಟ್ಬುಡಿ" ಎನ್ನುತ್ತಿದ್ದೆ.

"ಬತ್ತಾನಲ್ಲ" ಎನ್ನುತ್ತಿದ್ದರು. ಅಷ್ಟೇ ಅವರ ಉತ್ತರ.

ನಾವಿಬ್ಬರೂ ಸೇರಿ ಹೊಸ ಹೊಸ ಉಪಾಯ ಹುಡುಕಿದೆವು. ನಾನು ನನ್ನ ಕಂಪ್ಯೂಟರಿನಲ್ಲಿ ಕಬ್ಬಿಣದ ಗುರಾಣಿ ಹಿಡಿದು ಹುಲಿಯನ ಹಾಗೆ ನಿಲ್ಲುತ್ತಿದ್ದೆ, ಅವರು ಗೋಡೆಯಾಚೆಯಿಂದ ನನ್ನ ಮೇಲೆ ಅಭ್ಯಾಸ ಮಾಡುತ್ತಿದ್ದರು. ಒಂದು ಸುಳ್ಳೇಟಿನ ಬೆನ್ನಿಗೇ ಇನ್ನೊಂದು ಸುಳ್ಳೇಟು ಹಾಕಿ, ಮೂರನೆಯದನ್ನು ನಿಜ ಮಾಡುವುದನ್ನು ಕಲಿತರು. ಬೆರಳಿನ ಗೆಣ್ಣು ಊದಿಕೊಂಡಿರುತ್ತಿತ್ತು, ನೀಲಗಿರಿ ಎಣ್ಣೆ ತಿಕ್ಕಿಕೊಂಡು ಕೂರುವರು. ಅವರ ಹೆಂಡತಿ ಬುತ್ತಿ ತಂದವರು ನಮ್ಮಿಬ್ಬರನ್ನೂ ನೋಡಿ, "ಒಬ್ಬುರ್ಗಾದ್ರೂ ಬುದ್ಧಿ ಇದ್ದಿದ್ರೆ ಆಗೋದು" ಎಂದು ಹೋಗುವರು. ನಾನು ಅಕ್ಕ ಎನ್ನುತ್ತಿದ್ದ ಅವರಿಗೂ ಒಳಗೊಳಗೇ ಆಸೆ ಇತ್ತು. ಹೋಗುವ ಮೊದಲು ಬಾಗಿಲಲ್ಲಿ ನಿಂತು, "ಇವತ್ತೇನಾಯ್ತು?" ಎಂದು ಕೇಳದೆ ಹೋಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗೆಲುವು ಹತ್ತಿರ ಬಂದೇಬಿಟ್ಟಿತ್ತು. ಆ ಮೂರನೆಯ ಏಟು ಹುಲಿಯನ ಮೊಣಕಾಲಿಗೆ ಬಿತ್ತು, ಮತ್ತೊಂದು ಬಿತ್ತು. ಅವನ ಕೆಂಪು ಗೆರೆ ದಾರದೆಳೆಯಷ್ಟು ಉಳಿದಿತ್ತು. ಹಸಿರೂ ಮುಗಿಯುತ್ತಾ ಬಂದಿತ್ತು. ಆದರೂ ಗುರಾಣಿ ಎತ್ತಿಕೊಂಡೇ ಅಂಗಳದ ಮೂಲೆಗೆ ಆತು ನಿಂತಿದ್ದ. ಸುತ್ತಲು ಜಾಗವಿಲ್ಲ, ಕಾಯಲು ಹೊತ್ತಿಲ್ಲ. ಇವರ ಕತ್ತಿಗೆ ಎಲ್ಲೂ ಸಂದಿ ಸಿಗುತ್ತಿರಲಿಲ್ಲ. ಉಳಿದದ್ದು ಒಂದೇ.

"ಒದೀರಿ" ಎಂದೆ. "ಒಂದೇ ಒಂದ್ಸಲ ಸಾವ್ಕಾರ್ರೇ. ಇದು ಆಟ. ಯಾರಿಗೂ ನೋವಾಗಲ್ಲ. ಒದ್ರೆ ನಾಳೆಯಿಂದ ನಿಮ್ ತಮ್ಮ ಮಾತಾಡ್ತಾರೆ."

ಅವರ ಬೆರಳು ಆ ಗುಂಡಿಯ ಮೇಲೆ ಹೋಗಿ ನಿಂತಿತು. ಸಾವ್ಕಾರ್ರು ಕೈ ಹಿಂದೆ ತೆಗೆದು ಟವೆಲಿನ ಮೇಲೆ ಇಟ್ಟುಕೊಂಡರು. ಹುಲಿಯ ದಮ್ಮು ತುಂಬಿಕೊಂಡು ಮುಂದೆ ಬಂದು, ತಡೆಯದೆ ನಿಂತಿದ್ದ ಇವರನ್ನು ಕಡಿದು ಬೀಳಿಸಿದ.

"ಆ ಎದೆಗೆ ಇನ್ನೊಂದ್ಸಲ ಆಗಾಕಿಲ್ಲ ಕಣೋ" ಎಂದರು. ಕನ್ನಡಕ ಒರೆಸಿಕೊಂಡು, ಬಗ್ಗಿ, ಅಕ್ಷರ ಹುಡುಕಿ "ಊಟ ಆಯ್ತಾ" ಎಂದು ಬರೆದರು. ನಾನು ಎದ್ದು ಸ್ಟುಡಿಯೋಗೆ ಬಂದುಬಿಟ್ಟೆ. ಅಂಥ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗದು, ಪಕ್ಕದಲ್ಲಿ ಕೂತು ನೋಡಲೂ ಆಗದು.

ಹೊಗೆಸೊಪ್ಪಿನ ಸಸಿ ನೆಡುವ ಕಾಲ ಅದು. ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಟಾರ್ಪಾಲು ಕತ್ತರಿಸುತ್ತಾ ಇದ್ದವರು ಕತ್ತರಿ ಕೆಳಗಿಟ್ಟು, ಎದೆ ಹಿಡಿದುಕೊಂಡು ಗೋಣಿಚೀಲದ ಮೇಲೆ ಒರಗಿದರು. ಗಿರಾಕಿ ನನ್ನನ್ನು ಕೂಗಿದ. ಆಟೋದಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. "ಗಂಟೆ ಎಷ್ಟಾಯ್ತು?" ಎಂದು ಕೇಳಿದರು. ಮೂರು ಎಂದೆ. "ಬಂದಿರ್ತಾನೆ" ಎಂದರು. ಆಸ್ಪತ್ರೆಯ ಗೇಟಿನೊಳಗೆ ಆಟೋ ತಿರುಗುವಷ್ಟರಲ್ಲಿ ಮುಗಿದಿತ್ತು.

ಮಣ್ಣು ಊರಲ್ಲೇ. ಬೆಟ್ಟದ ನೆರಳು ಬೀಳುವ ಅವರ ಹೊಲದ ಮೂಲೆಯಲ್ಲಿ ಗುಣಿ ತೆಗೆದು, ಕೂರಿಸಿ, ವಿಭೂತಿ ಇಟ್ಟು ಎಲ್ಲ ಸಿದ್ಧ ಮಾಡಿ ತಮ್ಮನಿಗಾಗಿ ಕಾದೆವು. ತಮ್ಮನ ಹೆಂಡತಿ ಒಬ್ಬರೇ ಬಸ್ಸಿಳಿದು ಬಂದರು. "ಹೇಳ್ದೆ, ಕಾಲ್ ಕಟ್ಟಿ ಕೇಳ್ದೆ" ಎಂದು ಅಕ್ಕನ ಕೈ ಹಿಡಿದು ಅತ್ತರು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಎರಡು ಸಲ ಆಕಾಶ ನೋಡಿದರು. ಇನ್ನು ಹೊತ್ತಿಲ್ಲ ಎಂದರು. ಎಲ್ಲರೂ ಒಂದೊಂದು ಹಿಡಿ ಹಾಕಿದೆವು. ತಮ್ಮ ಆಡಿದ ಮಾತನ್ನು ಉಳಿಸಿಕೊಂಡರು.

ಕರ್ಮಗಳೆಲ್ಲ ಕಳೆದ ಮೇಲೆ ಅಕ್ಕ ಅಂಗಡಿ ಬಾಗಿಲು ತೆಗೆಸಿದರು. ಸರಕು ಕೆ.ಆರ್. ನಗರದ ಒಬ್ಬ ವ್ಯಾಪಾರಿಗೆ ಹೋಗುವುದಿತ್ತು. ಕಂಪ್ಯೂಟರನ್ನೂ ಅವರೇ ಒಯ್ಯುತ್ತಾರೆ, ಒಳಗಿರುವುದನ್ನೆಲ್ಲ ತೆಗೆದುಕೊಡು ಎಂದು ನನ್ನನ್ನು ಕರೆದರು. ಊಟ ಮುಗಿಸಿ ಹೋಗುವಷ್ಟರಲ್ಲಿ ಮೂರು ಗಂಟೆ ಆಗಿತ್ತು. ಆಟ ಅಳಿಸುವ ಮೊದಲು ಯಾಕೋ ಒಮ್ಮೆ ತೆರೆದೆ. ಸಾವ್ಕಾರ್ರ ಹೆಸರಿನಲ್ಲೇ ತೆರೆದುಕೊಂಡಿತು.

ಹುಲಿಯ ಅಲ್ಲಿದ್ದ. ನಾನು ಏನನ್ನೂ ಒತ್ತುವ ಮೊದಲೇ ಆ ಕಡೆಯಿಂದ ಕರೆ ಬಂತು. ಇಷ್ಟು ಕಾಲದಲ್ಲಿ ಅವನಾಗಿ ಕರೆದದ್ದು ಅದೇ ಮೊದಲು.

ನನ್ನ ಮೈ ಉರಿದುಹೋಯಿತು. ಮಣ್ಣಿಗೆ ಬಾರದವನು ಆಟಕ್ಕೆ ಬಂದಿದ್ದಾನೆ. ಹೂಂ ಎಂದು ಒತ್ತಿದೆ. ಹುಲಿಯ ಗುರಾಣಿ ಎತ್ತಿ ಎದುರಿಗೆ ನಿಂತ. ಮುಂದೆ ಬರಲಿಲ್ಲ, ಹೊಡೆಯಲಿಲ್ಲ, ಸುಮ್ಮನೆ ನೋಡುವವನಂತೆ ನಿಂತೇ ಇದ್ದ. ನಾನು ಓಡಿಹೋಗಿ ಒದ್ದೆ. ಗುರಾಣಿ ಬಾಗಿಲಿನಂತೆ ತೆರೆದುಕೊಂಡಿತು. ಕಡಿದೆ. ಮತ್ತೆ ಎತ್ತಿದ, ಮತ್ತೆ ಒದ್ದೆ, ಮತ್ತೆ ಕಡಿದೆ. ಸಾವ್ಕಾರ್ರ ಕೈಯಲ್ಲಿ ಒಂದು ದಿನವೂ ಬೀಳದವನು ನಾನೊಂದು ಕಾಫಿ ಕುಡಿಯುವಷ್ಟರೊಳಗೆ ಬಿದ್ದ.

ಪರದೆ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಕೆಳಗೆ, ಇಷ್ಟು ಕಾಲ ಸಾವ್ಕಾರ್ರ ಮಾತುಗಳು ಮಾತ್ರ ಇದ್ದ ಜಾಗದಲ್ಲಿ, ಆ ಕಡೆಯಿಂದ ಅಕ್ಷರ ಮೂಡಿತು.

"ಅಣ್ಣ ಒದೀತಿರ್ಲಿಲ್ಲ. ಯಾರು ನೀನು?"

ನಾನು ಬರೆಯಲು ಕೈ ಎತ್ತುವುದರೊಳಗೆ ಹುಲಿಯನ ಹೆಸರು ಅಳಿಸಿಹೋಯಿತು. ಆಮೇಲೆ ಬರಲಿಲ್ಲ.

ಅಕ್ಕ ನನ್ನ ಹಿಂದೆ ನಿಂತಿದ್ದರು. "ಏನ್ ಬರ್ದವ್ನೆ?" ಎಂದರು. ಓದಿ ಹೇಳಿದೆ.

"ಅಣ್ಣ ಅಂತ ಬರ್ದವ್ನಾ?"

"ಹೂಂ ಅಕ್ಕ."

"ಸೋತ್ಮೇಲೆ ಬರ್ದಿದ್ದಾ?"

"ಹೂಂ."

ಅಕ್ಕ ಗೋಣಿಚೀಲದ ಅಟ್ಟಿಯ ಮೇಲೆ ಕೂತರು.

"ಹಂಗಾರೆ ಇವ್ರು ಒಂದ್ಸಲ ಒದ್ದಿದ್ರೆ ಆಗೋಗಿರೋದಲ್ಲಪ್ಪ" ಎಂದರು.

ಆಟವನ್ನು ಅಳಿಸಿ, ತಂತಿಗಳನ್ನು ಸುತ್ತಿ, ಕಂಪ್ಯೂಟರನ್ನು ಆ ವ್ಯಾಪಾರಿಯ ಗಾಡಿಗೆ ಹಾಕಿಸಿ ಬಂದೆ.